ಮಾಡಬೇಕಾದ್ದು, ಮಾಡಬಾರದ್ದು: ಶೆಟ್ಟಿಕೆರೆ ಹೋಬಳಿಯ ದುಡಿಯುವವರಿಗೂ ದುಡಿಸಿಕೊಳ್ಳುವವರಿಗೂ

ಯಾರಿಗೆ ಈ ಸೂಚನೆ

ಕಾಯಿ ಕೆಡವುವವರು, ಕಾಯಿ ಸುಲಿಯುವವರು, ಕೊಬ್ಬರಿ ಒಡೆಯುವ ಹೆಂಗಸರು, ನಾರಿನ ಮಿಲ್ಲಿನವರು, ಕಾಯಿಪುಡಿ ಫ್ಯಾಕ್ಟರಿಯವರು, ಗಾರೆ ಕೆಲಸದವರು, ತಿಪಟೂರು ಎಪಿಎಂಸಿಯಲ್ಲಿ ಮೂಟೆ ಹೊರುವ ಹಮಾಲರು, ಬೆಳಗಿನ ಬಸ್ಸು ಹಿಡಿದು ಗಾರ್ಮೆಂಟ್ಸ್‌ಗೆ ಹೋಗುವವರು, ಇವರೆಲ್ಲರೂ ಓದಬೇಕು. ಇವರಿಗೆ ಕೂಲಿ, ಸಂಬಳ ಕೊಡುವ ತೋಟದ ಯಜಮಾನರು, ಮಿಲ್ಲಿನ ಮಾಲೀಕರು, ಮೇಸ್ತ್ರಿಗಳು, ಮನೆ ಕಟ್ಟಿಸುವವರು ಕೂಡ ಓದಬೇಕು. ಓದಲು ಬಾರದವರಿಗೆ ಮನೆಯ ಮಕ್ಕಳು ಓದಿ ಹೇಳಬೇಕು.

ಇವತ್ತು ಅಟ್ಟಕ್ಕೆ ಹಾಕಿದ ಕಾಯಿ ನಾಳೆಗೆ ಕೊಬ್ಬರಿಯಾಗುವುದಿಲ್ಲ, ಪಿಂಚಣಿಯೂ ಹಾಗೆಯೇ. ಅರವತ್ತು ತುಂಬಿದ ಮೇಲೆ ಕಚೇರಿಗೆ ಹೋಗಿ ಕೇಳಿದರೆ ಸಿಗುವುದು ಕಡಿಮೆ. ಮೈಯಲ್ಲಿ ಕಸುವಿರುವಾಗಲೇ ಹೆಸರು ಬರೆಸಿ, ಕಂತು ಕಟ್ಟಿ, ಕಾಗದ ಸರಿ ಇಟ್ಟುಕೊಂಡವರಿಗೆ ದುಡಿಮೆ ನಿಂತ ಮೇಲೂ ತಿಂಗಳ ಹಣ ಬರುತ್ತದೆ.

ಮೊದಲು ವಯಸ್ಸಿನ ಗಡಿ ತಿಳಿಯಿರಿ

ಪ್ರತಿ ಯೋಜನೆಗೂ ಒಂದು ವಯಸ್ಸಿದೆ. ಅದು ದಾಟಿದರೆ ಯಾರ ಶಿಫಾರಸೂ ನಡೆಯದು.

18ರಿಂದ 40: ಪ್ರಧಾನಮಂತ್ರಿ ಶ್ರಮಯೋಗಿ ಮಾನಧನ್. ತಿಂಗಳ ಆದಾಯ ₹15,000 ಮೀರದ, ಪಿಎಫ್, ಇಎಸ್‌ಐ ಇಲ್ಲದ ಅಸಂಘಟಿತ ಕಾರ್ಮಿಕರಿಗೆ. 18ಕ್ಕೆ ಸೇರಿದರೆ ತಿಂಗಳಿಗೆ ₹55, 29ಕ್ಕೆ ಸೇರಿದರೆ ₹100, 40ಕ್ಕೆ ಸೇರಿದರೆ ₹200. ನೀವು ಕಟ್ಟಿದಷ್ಟನ್ನೇ ಕೇಂದ್ರ ಸರ್ಕಾರವೂ ಕಟ್ಟುತ್ತದೆ. 60ರ ನಂತರ ತಿಂಗಳಿಗೆ ₹3,000. ಪಿಂಚಣಿದಾರರು ತೀರಿಕೊಂಡರೆ ಗಂಡ ಅಥವಾ ಹೆಂಡತಿಗೆ ಅದರ ಅರ್ಧ. ಎರಡು ಹೆಕ್ಟೇರಿನೊಳಗೆ ಜಮೀನಿರುವ ರೈತರಿಗೆ ಇದೇ ಮಾದರಿಯ ಕಿಸಾನ್ ಮಾನಧನ್ ಇದೆ. ಒಬ್ಬರೇ ಎರಡನ್ನೂ ಮಾಡಿಸಲು ಬರುವುದಿಲ್ಲ. ಬ್ಯಾಂಕಿನಲ್ಲಿ ಮಾಡಿಸುವ ಅಟಲ್ ಪಿಂಚಣಿಗೂ 40ರ ಗಡಿಯೇ.

16ರಿಂದ 59: ಇ-ಶ್ರಮ್ ನೋಂದಣಿ. 2021ರ ಆಗಸ್ಟ್ 26ರಂದು ಶುರುವಾದ ಇದು ಅಸಂಘಟಿತ ಕಾರ್ಮಿಕರ ರಾಷ್ಟ್ರಮಟ್ಟದ ಪಟ್ಟಿ. 12 ಅಂಕಿಯ ಸಂಖ್ಯೆ ಸಿಗುತ್ತದೆ.

18ರಿಂದ 60: ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ನೋಂದಣಿ. ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ಕಟ್ಟಡ ಕೆಲಸ ಮಾಡಿರಬೇಕು. 60ರ ನಂತರ ಮಂಡಳಿಯಿಂದ ಪಿಂಚಣಿ ಬರಬೇಕಾದರೆ ಅದಕ್ಕೆ ಮೊದಲೇ ವರ್ಷಗಟ್ಟಲೆ ಸದಸ್ಯತ್ವ ನಡೆದುಕೊಂಡು ಬಂದಿರಬೇಕು.

58: ಪಿಎಫ್ ಇರುವವರ ಪಿಂಚಣಿಯ ವಯಸ್ಸು. ಸೇವೆ ಕನಿಷ್ಠ 10 ವರ್ಷ.

65: ರಾಜ್ಯ ಸರ್ಕಾರದ ಸಂಧ್ಯಾ ಸುರಕ್ಷಾ. ಸಣ್ಣ ರೈತರು, ಕೃಷಿ ಕೂಲಿಕಾರರು, ನೇಕಾರರು, ಅಸಂಘಟಿತ ಕಾರ್ಮಿಕರಿಗೆ ತಿಂಗಳಿಗೆ ₹1,200. ಬೇರೆ ಸಾಮಾಜಿಕ ಭದ್ರತಾ ಪಿಂಚಣಿ ಪಡೆಯುವವರಿಗೆ ಇಲ್ಲ.

ಈ ಪಟ್ಟಿಯ ಪಿಂಚಣಿಗಳಲ್ಲಿ ಸಂಧ್ಯಾ ಸುರಕ್ಷಾ ಒಂದಕ್ಕೆ ಮಾತ್ರ ಮುಂಚೆ ಕಂತು ಕಟ್ಟಬೇಕಿಲ್ಲ. ಅದನ್ನೇ ನಂಬಿ ಕೂತರೆ 65ರವರೆಗೆ ಕಾಯಬೇಕು, ₹1,200ಕ್ಕೆ ತೃಪ್ತಿಪಡಬೇಕು.

ದುಡಿಯುವವರು ಮಾಡಬೇಕಾದ್ದು

1. ಹೆಸರು ಒಂದೇ ಮಾಡಿಸಿ. ಆಧಾರ್‌ನಲ್ಲಿ ಲಕ್ಷ್ಮಮ್ಮ, ರೇಷನ್ ಕಾರ್ಡಿನಲ್ಲಿ ಲಕ್ಷ್ಮೀದೇವಮ್ಮ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಲಕ್ಷ್ಮಮ್ಮ ಕೋಂ ಗಂಡನ ಹೆಸರು. ಊರಿಗೆ ಈ ಮೂವರೂ ಒಬ್ಬರೇ. ಕಂಪ್ಯೂಟರಿಗೆ ಮೂವರು ಬೇರೆ ಬೇರೆ. ಅರ್ಜಿ ತಿರಸ್ಕೃತವಾಗಲು ಇಷ್ಟೇ ಸಾಕು.

2. ಹುಟ್ಟಿದ ದಿನ ನೋಡಿಕೊಳ್ಳಿ. ಆಧಾರ್ ಮಾಡಿಸುವಾಗ ದಾಖಲೆ ಇಲ್ಲದವರಿಗೆ ವರ್ಷ ಅಂದಾಜಿಸಿ ಜನವರಿ 1 ಎಂದು ಬರೆದದ್ದು ಬಹಳ. ಶಾಲೆಯ ವರ್ಗಾವಣೆ ಪತ್ರ ಇದ್ದರೆ ಅದರ ಪ್ರಕಾರ ಈಗಲೇ ತಿದ್ದಿಸಿ. ಆಧಾರ್‌ನಲ್ಲಿ ಜನ್ಮದಿನ ತಿದ್ದಲು ಸಾಮಾನ್ಯವಾಗಿ ಒಂದೇ ಅವಕಾಶ, ಹೆಸರಿಗೆ ಎರಡು. ಆ ಒಂದು ಅವಕಾಶವನ್ನು ಅಂದಾಜಿನ ಮೇಲೆ ಕಳೆದುಕೊಳ್ಳಬಾರದು.

3. ಮೊಬೈಲ್ ನಂಬರನ್ನು ಆಧಾರ್‌ಗೂ ಬ್ಯಾಂಕಿಗೂ ಜೋಡಿಸಿ. ಮಗನ ನಂಬರು ಕೊಟ್ಟಿದ್ದರೆ, ಮಗ ಸಿಮ್ ಬದಲಿಸಿದ ದಿನವೇ ನಿಮ್ಮ ದಾಖಲೆಯಲ್ಲೂ ಬದಲಿಸಿ.

4. ನಿಮ್ಮ ಕೆಲಸಕ್ಕೆ ಸರಿಯಾದ ಮಂಡಳಿಗೆ ಹೋಗಿ. ಗಾರೆ, ಸೆಂಟ್ರಿಂಗ್, ಬಣ್ಣ, ವೈರಿಂಗ್, ಪ್ಲಂಬಿಂಗ್, ಬಾರ್ ಬೆಂಡಿಂಗ್ ಮಾಡುವವರು ಕಟ್ಟಡ ಕಾರ್ಮಿಕರ ಮಂಡಳಿಗೆ. ಹಮಾಲರು, ಟೈಲರುಗಳು, ಮೆಕ್ಯಾನಿಕ್‌ಗಳು, ಮನೆಗೆಲಸದವರು, ಕ್ಷೌರಿಕರು, ಅಗಸರು, ಕಮ್ಮಾರರು, ಅಕ್ಕಸಾಲಿಗರು, ಕುಂಬಾರರು ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಮಂಡಳಿಯ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆಗೆ.

5. ಕಾಯಿ ಕೆಡವುವವರು ವಿಮೆ ಮಾಡಿಸಿಕೊಂಡೇ ಮರ ಹತ್ತಿ. ಹತ್ತೂರಿನ ತೋಟಕ್ಕೆ ಹೋಗುವ ಇವರಿಗೆ ಯಜಮಾನರು ಹಲವರು. ಬಿದ್ದ ದಿನ ಮಾಲೀಕ ಎಂದು ಮುಂದೆ ಬರುವವರು ಯಾರೂ ಇಲ್ಲ. ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ಅಪಘಾತ ವಿಮೆ ಇರುವುದೇ ತೆಂಗಿನ ಮರ ಹತ್ತುವವರಿಗೆ ಮತ್ತು ನೀರಾ ಇಳಿಸುವವರಿಗೆ. ಕಂತಿನ ದೊಡ್ಡ ಪಾಲನ್ನು ಮಂಡಳಿ ಭರಿಸುತ್ತದೆ. ಇದು ವರ್ಷದ ವಿಮೆ. ಮುಗಿಯುವ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

6. ಪಿಎಫ್ ಇರುವವರು ತಿಂಗಳಿಗೊಮ್ಮೆ ಲೆಕ್ಕ ನೋಡಿ. ನೋಂದಾಯಿತ ಮೊಬೈಲಿನಿಂದ 9966044425ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ಬಾಕಿಯ ಸಂದೇಶ ಬರುತ್ತದೆ, ಕಾಸು ಖರ್ಚಿಲ್ಲ. ಲೆಕ್ಕ ಹೀಗಿರಬೇಕು: ಸಂಬಳ ₹15,000 ಇದ್ದರೆ ನಿಮ್ಮಿಂದ ಶೇಕಡಾ 12, ಅಂದರೆ ₹1,800. ಮಾಲೀಕರಿಂದಲೂ ₹1,800; ಅದರಲ್ಲಿ ₹1,250 ಪಿಂಚಣಿ ನಿಧಿಗೆ, ₹550 ನಿಮ್ಮ ಪಿಎಫ್ ಖಾತೆಗೆ. ಸಂಬಳದ ಚೀಟಿಯಲ್ಲಿ ಹಿಡಿದದ್ದು ಖಾತೆಯಲ್ಲಿ ಕಾಣದಿದ್ದರೆ ಎರಡನೇ ತಿಂಗಳಿಗೆ ಕಾಯದೆ ಕೇಳಿ.

7. ನಾಮಿನಿ ಹಾಕಿ. ಮದುವೆಗೆ ಮುಂಚೆ ಅಪ್ಪ, ಅಮ್ಮನ ಹೆಸರು ಹಾಕಿದ್ದ ಹೆಣ್ಣುಮಕ್ಕಳು ಗಮನಿಸಿ: ಮದುವೆಯಾದೊಡನೆ ಪಿಎಫ್‌ನ ಹಳೆಯ ನಾಮಿನೇಷನ್ ರದ್ದು. ಹೊಸದಾಗಿ ಹಾಕಲೇಬೇಕು. ಸೇವೆಯಲ್ಲಿರುವಾಗ ಸದಸ್ಯರು ತೀರಿಕೊಂಡರೆ ಪಿಎಫ್ ಜೊತೆಗೆ ಸಿಗುವ ವಿಮಾ ಹಣ ಗರಿಷ್ಠ ₹7 ಲಕ್ಷದವರೆಗೆ ಇದೆ. ಇದಕ್ಕೆ ಕಾರ್ಮಿಕರಿಂದ ಒಂದು ಪೈಸೆಯನ್ನೂ ಹಿಡಿಯುವುದಿಲ್ಲ. ಇಂಥದೊಂದು ಹಣ ಇದೆ ಎಂದೇ ಎಷ್ಟೋ ಮನೆಗಳಿಗೆ ಗೊತ್ತಿರುವುದಿಲ್ಲ. ಮನೆಯವರಿಗೆ ಹೇಳಿಡಿ.

8. ಕೆಲಸ ಬಿಟ್ಟ ದಿನಾಂಕ ಖಾತೆಯಲ್ಲಿ ದಾಖಲಾಗಿದೆಯೇ ನೋಡಿ. ಮಾಲೀಕರು ನಮೂದಿಸದಿದ್ದರೆ ಎರಡು ತಿಂಗಳ ನಂತರ ನೀವೇ ನಮೂದಿಸಬಹುದು. ಅದಿಲ್ಲದೆ ಖಾತೆ ವರ್ಗಾವಣೆ ಮುಂದೆ ಹೋಗದು.

ದುಡಿಯುವವರು ಮಾಡಬಾರದ್ದು

1. ಕೆಲಸ ಬದಲಿಸಿದಾಗಲೆಲ್ಲ ಪಿಂಚಣಿ ಭಾಗ ತೆಗೆಯಬೇಡಿ. 2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಗಟ್ಟಲೆ ರಸ್ತೆಗಿಳಿದರು. ಮಾಲೀಕರ ಪಾಲಿನ ಪಿಎಫ್ ಹಣವನ್ನು 58 ತುಂಬುವವರೆಗೆ ಮುಟ್ಟುವಂತಿಲ್ಲ ಎಂಬ ಆ ಫೆಬ್ರವರಿಯ ಆದೇಶ ಅವರನ್ನು ಕೆರಳಿಸಿತ್ತು. 19ರಂದೇ ಕೇಂದ್ರ ಸರ್ಕಾರ ಆದೇಶ ಹಿಂತೆಗೆದುಕೊಂಡಿತು. ಮನೆಯಲ್ಲಿ ಕಾಯಿಲೆ, ಮದುವೆ, ಸಾಲ ಇರುವವರಿಗೆ ಆ ಹಣದ ತುರ್ತು ಏನೆಂದು ಅವರು ದೇಶಕ್ಕೇ ತೋರಿಸಿದರು. ಹಕ್ಕು ಉಳಿಯಿತು. ಆದರೆ ಪಿಎಫ್ ಹಣವೇ ಬೇರೆ, ಪಿಂಚಣಿಯ ಸೇವೆಯೇ ಬೇರೆ. ಪಿಎಫ್ ಜೊತೆಗೆ ಪಿಂಚಣಿ ಭಾಗವನ್ನೂ ಬಿಡಿಸಿಕೊಂಡರೆ ಅಲ್ಲಿಯವರೆಗಿನ ಸೇವೆ ಅಳಿಸಿಹೋಗುತ್ತದೆ.

ಲೆಕ್ಕ ಹಾಕಿ ನೋಡಿ. ಒಬ್ಬಾಕೆ ಒಂದು ಫ್ಯಾಕ್ಟರಿಯಲ್ಲಿ 6 ವರ್ಷ, ಇನ್ನೊಂದರಲ್ಲಿ 8 ವರ್ಷ ದುಡಿದರೆ ಒಟ್ಟು 14. ಕೊನೆಯ 60 ತಿಂಗಳ ಸರಾಸರಿ ಸಂಬಳ ₹15,000 ಆಗಿದ್ದರೆ, ಅದನ್ನು 14ರಿಂದ ಗುಣಿಸಿ 70ರಿಂದ ಭಾಗಿಸಿ: ತಿಂಗಳಿಗೆ ₹3,000, ಬದುಕಿರುವವರೆಗೆ. ಮೊದಲ 6 ವರ್ಷದ ಪಿಂಚಣಿ ಭಾಗವನ್ನು ಬಿಡಿಸಿಕೊಂಡಿದ್ದರೆ ಉಳಿಯುವುದು 8 ವರ್ಷ. 10 ತುಂಬದ ಕಾರಣ ತಿಂಗಳ ಪಿಂಚಣಿ ಸೊನ್ನೆ. ಆದ್ದರಿಂದ ಹೊಸ ಕೆಲಸಕ್ಕೆ ಸೇರಿದರೆ ಹಳೆಯ ಖಾತೆಯನ್ನು ಅದಕ್ಕೇ ವರ್ಗಾಯಿಸಿ. ಸದ್ಯಕ್ಕೆ ಕೆಲಸವಿಲ್ಲದಿದ್ದರೆ ಹಣದ ಬದಲು ಸೇವೆಯ ಲೆಕ್ಕ ಉಳಿಸುವ ಸ್ಕೀಮ್ ಸರ್ಟಿಫಿಕೇಟ್ ಕೇಳಿ.

2. ಅವಸರಕ್ಕೆ ಬಿದ್ದು 50ಕ್ಕೇ ಪಿಂಚಣಿ ಶುರು ಮಾಡಿಸಬೇಡಿ. 58ಕ್ಕೆ ಮೊದಲಿನ ಪ್ರತಿ ವರ್ಷಕ್ಕೆ ಶೇಕಡಾ 4ರಂತೆ ಕಡಿತವಾಗುತ್ತದೆ. ಆ ಕಡಿತ ಕೊನೆಯವರೆಗೂ ಹಾಗೇ ಇರುತ್ತದೆ.

3. ಎರಡು ಕಡೆ ಎರಡು ಪಿಎಫ್ ಸಂಖ್ಯೆ ಮಾಡಿಸಬೇಡಿ. ಹೊಸ ಕಡೆ ಸೇರುವಾಗ ಹಳೆಯ ಯುಎಎನ್ ಸಂಖ್ಯೆಯನ್ನೇ ಕೊಡಿ. ಗಾರ್ಮೆಂಟ್ಸ್‌ನಲ್ಲಿ ಸಂಖ್ಯೆ ನೆನಪಿಲ್ಲ ಎಂದು ಹೊಸದು ಮಾಡಿಸಿಕೊಂಡವರ ಹಳೆಯ ಸೇವೆ ಎಲ್ಲೋ ಬಿದ್ದಿರುತ್ತದೆ.

4. ಕಟ್ಟಡ ಕೆಲಸ ಮಾಡದವರು ಕಟ್ಟಡ ಕಾರ್ಮಿಕರ ಕಾರ್ಡು ಮಾಡಿಸಬೇಡಿ. ಮಕ್ಕಳ ವಿದ್ಯಾರ್ಥಿವೇತನಕ್ಕೆಂದು, ಕಿಟ್ಟಿಗೆಂದು ಮಾಡಿಸಿದ ಬೋಗಸ್ ಕಾರ್ಡುಗಳನ್ನು ಕಾರ್ಮಿಕ ಇಲಾಖೆ ದೊಡ್ಡ ಸಂಖ್ಯೆಯಲ್ಲಿ ರದ್ದು ಮಾಡಿದೆ. ಆ ನಿಧಿ ಸೆಂಟ್ರಿಂಗ್ ಮೇಲಿಂದ ಬೀಳುವವನ ಮನೆಗೆ ಸೇರಬೇಕಾದ್ದು.

5. ಓಟಿಪಿ ಹೇಳಬೇಡಿ, ಖಾಲಿ ಅರ್ಜಿಗೆ ಹೆಬ್ಬೆಟ್ಟು ಒತ್ತಬೇಡಿ. ಇ-ಶ್ರಮ್ ನೋಂದಣಿ ಉಚಿತ. ಪಿಂಚಣಿ ಮಂಜೂರು ಮಾಡಿಸಿಕೊಡುತ್ತೇನೆ ಎಂದು ಮೊದಲ ಮೂರು ತಿಂಗಳ ಹಣ ಕೇಳುವವನು ದಲ್ಲಾಳಿ. ಅವನು ತನ್ನನ್ನು ಯಾರ ಕಡೆಯವನೆಂದು ಹೇಳಿಕೊಂಡರೂ ಸರಿ, ಕೊಡಬೇಡಿ.

6. ಮಾನಧನ್ ಕಂತಿನ ಖಾತೆ ಖಾಲಿ ಬಿಡಬೇಡಿ. ಹಣ ತಾನಾಗಿ ಕಡಿತವಾಗುವ ದಿನ ಖಾತೆಯಲ್ಲಿ ಇರಲೇಬೇಕು. ತಪ್ಪಿದರೆ ಬಾಕಿಯನ್ನು ಕಟ್ಟಿ ಮುಂದುವರಿಸಿ; ಹೋಗಲಿ ಎಂದು ಕೈಬಿಡಬೇಡಿ. ಹತ್ತು ವರ್ಷದೊಳಗೆ ಬಿಟ್ಟರೆ ನಿಮ್ಮ ಪಾಲು ಮತ್ತು ಉಳಿತಾಯ ಖಾತೆಯ ಬಡ್ಡಿ ಮಾತ್ರ ವಾಪಸ್ಸು, ಸರ್ಕಾರದ ಪಾಲು ಇಲ್ಲ.

ಮಾಲೀಕರು ಮಾಡಬೇಕಾದ್ದು

1. ತಲೆ ಎಣಿಸಿ. 10 ಮಂದಿ ಇದ್ದರೆ ಇಎಸ್‌ಐ ಮತ್ತು ಗ್ರಾಚ್ಯುಟಿ, 20 ಇದ್ದರೆ ಪಿಎಫ್. ಮೇಸ್ತ್ರಿ ಕರೆತಂದವರು, ಹೊರ ರಾಜ್ಯದಿಂದ ಬಂದು ಮಿಲ್ಲಿನ ಶೆಡ್ಡಿನಲ್ಲೇ ಉಳಿದವರು, ದಿನಗೂಲಿಯವರು, ಎಲ್ಲರೂ ಲೆಕ್ಕಕ್ಕೆ ಬರುತ್ತಾರೆ. 20 ಇಲ್ಲದಿದ್ದರೂ ಮನಸ್ಸಿದ್ದರೆ ಸ್ವಇಚ್ಛೆಯಿಂದ ಪಿಎಫ್‌ಗೆ ಸೇರಲು ದಾರಿ ಇದೆ.

2. ನೇಮಕ ಪತ್ರ ಕೊಡಿ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಕೆಲಸಕ್ಕೆ ಸೇರಿದವರಿಗೆಲ್ಲ ಲಿಖಿತ ನೇಮಕ ಪತ್ರ ಕೊಡಬೇಕೆಂಬುದು ಅವುಗಳ ಮುಖ್ಯ ಮಾತು. ಹೆಸರು, ಕೆಲಸ, ಸಂಬಳ, ಸೇರಿದ ದಿನಾಂಕ, ಇಷ್ಟು ಸ್ಪಷ್ಟವಾಗಿರಲಿ.

3. ಸಂಬಳವನ್ನು ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಬ್ಯಾಂಕಿಗೆ ಹಾಕಿ. ಮುಂಗಡ ಕೊಟ್ಟದ್ದು, ಹಿಡಿದದ್ದು ಎಲ್ಲವೂ ಚೀಟಿಯಲ್ಲಿ ಬರಬೇಕು. ಬಾಯಿ ಲೆಕ್ಕ ಜಗಳಕ್ಕೆ ದಾರಿ. ಕೆಲಸ ಬಿಟ್ಟವರ, ಬಿಡಿಸಿದವರ ಬಾಕಿ ಸಂಬಳ ಎರಡು ಕೆಲಸದ ದಿನದೊಳಗೆ ಸಲ್ಲಬೇಕು.

4. ಪಿಎಫ್ ಮತ್ತು ಇಎಸ್‌ಐ ಹಣವನ್ನು ಮುಂದಿನ ತಿಂಗಳ 15ರೊಳಗೆ ಕಟ್ಟಿ. ಇಎಸ್‌ಐಗೆ ಸಂಬಳದ ಮಿತಿ ₹21,000. ಕಾರ್ಮಿಕರ ಪಾಲು ಶೇಕಡಾ 0.75, ನಿಮ್ಮದು ಶೇಕಡಾ 3.25. ತಡವಾದರೆ ಬಡ್ಡಿ, ದಂಡ ಎರಡೂ ಬೀಳುತ್ತವೆ. ಒಂದು ಯಂತ್ರದ ಅಪಘಾತಕ್ಕೆ ನೀವು ಕೈಯಿಂದ ಕೊಡಬೇಕಾದ ಪರಿಹಾರದ ಮುಂದೆ ಈ ಶೇಕಡಾ 3.25 ಏನೂ ಅಲ್ಲ. ನಾರಿನ ಯಂತ್ರಕ್ಕೆ ಮಟ್ಟೆ ಕೊಡುವ ಕೈಗಳು ಯಾವಾಗಲೂ ಅಪಾಯದ ಅಂಚಿನಲ್ಲೇ ಇರುತ್ತವೆ.

5. ಐದು ವರ್ಷ ತುಂಬಿದವರು ಬಿಟ್ಟಾಗ ಗ್ರಾಚ್ಯುಟಿ ಕೊಡಿ, ಅದೂ 30 ದಿನದೊಳಗೆ. ಲೆಕ್ಕ ಕಷ್ಟದ್ದಲ್ಲ: ಕೊನೆಯ ತಿಂಗಳ ಸಂಬಳ ₹13,000, ಸೇವೆ 12 ವರ್ಷ ಎನ್ನಿ. 26ರಿಂದ ಭಾಗಿಸಿದರೆ ದಿನಕ್ಕೆ ₹500. ವರ್ಷಕ್ಕೆ 15 ದಿನದಂತೆ ₹7,500. 12 ವರ್ಷಕ್ಕೆ ₹90,000. ಗೊತ್ತಾದ ಅವಧಿಗೆ ನೇಮಕವಾದವರಿಗೆ ಹೊಸ ಸಂಹಿತೆಯಲ್ಲಿ ಒಂದು ವರ್ಷದ ಸೇವೆಗೇ ಈ ಹಕ್ಕಿದೆ.

6. ಮನೆ ಕಟ್ಟಿಸುವವರು, ಗುತ್ತಿಗೆದಾರರು ಗಾರೆಯವರಿಗೆ 90 ದಿನದ ಉದ್ಯೋಗ ದೃಢೀಕರಣಕ್ಕೆ ಸಹಿ ಹಾಕಿಕೊಡಿ. ಅದು ಉಪಕಾರವಲ್ಲ. ಸ್ವಂತ ವಾಸದ ₹50 ಲಕ್ಷದೊಳಗಿನ ಮನೆ ಬಿಟ್ಟು ಉಳಿದ ಕಟ್ಟಡಗಳಿಗೆ ವೆಚ್ಚದ ಶೇಕಡಾ 1 ಸೆಸ್ ಕಟ್ಟಬೇಕು. ಕಾರ್ಮಿಕರ ಪಿಂಚಣಿ ಬರುವುದು ಆ ಹಣದಿಂದ.

7. ತೋಟದ ಯಜಮಾನರು ಕಾಯಿ ಕೆಡವಿಸುವ ಮುನ್ನ ಒಂದು ಮಾತು ಕೇಳಿ: ವಿಮೆ ಇದೆಯೇ? ಇಲ್ಲದಿದ್ದರೆ ನಾಲ್ಕು ತೋಟದವರು ಸೇರಿ ಕಂತು ಕಟ್ಟಿ. ಒಂದು ಕೊಯ್ಲಿನ ಕಾಯಿಯ ಬೆಲೆಯಲ್ಲಿ ಅದು ಲೆಕ್ಕಕ್ಕೇ ಸಿಗದಷ್ಟು ಸಣ್ಣ ಮೊತ್ತ.

ಮಾಲೀಕರು ಮಾಡಬಾರದ್ದು

1. ಹತ್ತೊಂಬತ್ತಕ್ಕೆ ನಿಲ್ಲಿಸುವ ಲೆಕ್ಕ ಬೇಡ. ಒಂದೇ ಕಾಂಪೌಂಡು, ಒಂದೇ ಯಂತ್ರ, ಒಂದೇ ಲಾರಿ. ಕಾಗದದಲ್ಲಿ ಮಾತ್ರ ಅರ್ಧ ನಿಮ್ಮ ಹೆಸರಿಗೆ, ಅರ್ಧ ತಮ್ಮನ ಹೆಸರಿಗೆ. ಶಾಖೆ, ವಿಭಾಗಗಳನ್ನು ಸೇರಿಸಿ ಒಂದೇ ಸಂಸ್ಥೆ ಎಂದು ನೋಡುವ ಅಧಿಕಾರ ಕಾನೂನಿನಲ್ಲಿದೆ. ಸಿಕ್ಕಿಬಿದ್ದ ದಿನ ಹಿಂದಿನ ವರ್ಷಗಳ ಬಾಕಿಯೂ ಸೇರಿ ಬರುತ್ತದೆ.

2. ನಿಮ್ಮ ಪಾಲನ್ನು ಕಾರ್ಮಿಕರ ಸಂಬಳದಿಂದ ಹಿಡಿಯಬೇಡಿ. ಪಿಎಫ್ ಹಾಕುತ್ತೇನೆ, ಅದಕ್ಕೆ ಕೂಲಿ ಕಡಿಮೆ ಎನ್ನುವುದೂ ಅಪರಾಧವೇ.

3. ಹಿಡಿದ ಹಣವನ್ನು ಇಟ್ಟುಕೊಳ್ಳಬೇಡಿ. ಕಾರ್ಮಿಕರ ಪಾಲು ಹಿಡಿದು ನಿಧಿಗೆ ಕಟ್ಟದಿರುವುದನ್ನು ಕಾನೂನು ನಂಬಿಕೆದ್ರೋಹ ಎಂದೇ ಕರೆಯುತ್ತದೆ. ಕೊಬ್ಬರಿ ದರ ಬಿತ್ತು, ಲೋಡಿನ ದುಡ್ಡು ಬರಲಿಲ್ಲ ಎಂಬ ಕಾರಣ ಅಲ್ಲಿ ನಡೆಯುವುದಿಲ್ಲ.

4. ನಾಲ್ಕು ವರ್ಷ ಹನ್ನೊಂದು ತಿಂಗಳಿಗೆ ಬಿಡಿಸಿ, ವಾರ ಬಿಟ್ಟು ಹೊಸದಾಗಿ ಸೇರಿಸಿಕೊಳ್ಳಬೇಡಿ. ಗ್ರಾಚ್ಯುಟಿ ತಪ್ಪಿಸಲು ಹೂಡಿದ ಆಟವೆಂದು ಹಾಜರಿ ಪುಸ್ತಕವೇ ಸಾಕ್ಷಿ ಹೇಳುತ್ತದೆ.

5. 14ರೊಳಗಿನ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳಬೇಡಿ. 18ರೊಳಗಿನವರನ್ನು ಅಪಾಯದ ಕೆಲಸಕ್ಕೆ ಹಚ್ಚಬೇಡಿ. ಜೈಲು ಕನಿಷ್ಠ 6 ತಿಂಗಳು, ಗರಿಷ್ಠ 2 ವರ್ಷ. ದಂಡ ₹20,000ದಿಂದ ₹50,000. ಅಪ್ಪನೇ ಕರೆತಂದ ಎಂದರೂ ಶಿಕ್ಷೆ ತಪ್ಪದು.

6. ಕಾರ್ಮಿಕರ ಮೂಲ ಆಧಾರ್, ಎಟಿಎಂ ಕಾರ್ಡು, ಪಾಸ್‌ಬುಕ್ ನಿಮ್ಮ ಬೀರುವಿನಲ್ಲಿಟ್ಟುಕೊಳ್ಳಬೇಡಿ. ಮುಂಗಡ ತೀರಿಲ್ಲ ಎಂಬುದು ಅದಕ್ಕೆ ಕಾರಣವಲ್ಲ.

7. ಕೆಲಸ ಮಾಡದವರಿಗೆ ದಾಕ್ಷಿಣ್ಯಕ್ಕೆ ದೃಢೀಕರಣ ಬರೆದುಕೊಡಬೇಡಿ. ಸಹಿ ನಿಮ್ಮದು, ಉತ್ತರ ಹೇಳಬೇಕಾದವರೂ ನೀವೇ.

ಕೆಲಸ ಹುಡುಕುವ ಹುಡುಗ, ಹುಡುಗಿಯರಿಗೆ

ಮಾಡಬೇಕಾದ್ದು: ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಯಲ್ಲೂ ರಾಜ್ಯದ ಸ್ಕಿಲ್ ಕನೆಕ್ಟ್ ಪೋರ್ಟಲ್ಲಿನಲ್ಲೂ ಹೆಸರು ನೋಂದಾಯಿಸಿ. 2023 ಅಥವಾ ನಂತರ ಪದವಿ, ಡಿಪ್ಲೊಮಾ ಮುಗಿಸಿ 180 ದಿನವಾದರೂ ಕೆಲಸ ಸಿಗದವರು ಸೇವಾ ಸಿಂಧುವಿನಲ್ಲಿ ಯುವನಿಧಿಗೆ ಅರ್ಜಿ ಹಾಕಿ. ಪದವಿಗೆ ತಿಂಗಳಿಗೆ ₹3,000, ಡಿಪ್ಲೊಮಾಗೆ ₹1,500, ಗರಿಷ್ಠ ಎರಡು ವರ್ಷ. ಇನ್ನೂ ಕೆಲಸ ಸಿಕ್ಕಿಲ್ಲ ಎಂಬ ಸ್ವಯಂ ಘೋಷಣೆಯನ್ನು ಗಡುವಿನೊಳಗೆ ಸಲ್ಲಿಸುತ್ತಿರಿ.

ಮಾಡಬಾರದ್ದು: ಕೆಲಸಕ್ಕೆ ಸೇರಿದ ಮೇಲೆ ಯುವನಿಧಿ ಪಡೆಯಬೇಡಿ. ಉನ್ನತ ವ್ಯಾಸಂಗ ಮುಂದುವರಿಸಿದವರಿಗೂ ಇದಿಲ್ಲ. ಕೆಲಸ ಕೊಡಿಸುತ್ತೇನೆ ಎಂದು ಠೇವಣಿ ಕೇಳುವ ಯಾರಿಗೂ ಹಣ ಕಟ್ಟಬೇಡಿ.

ಈಗಾಗಲೇ ಪಿಂಚಣಿ ಬರುತ್ತಿರುವವರಿಗೆ

ಮಾಡಬೇಕಾದ್ದು: ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ಕೊಡಿ. ಸರ್ಕಾರಿ ನಿವೃತ್ತರು ನವೆಂಬರ್ ತಿಂಗಳು ಮರೆಯಬಾರದು. ಪಿಎಫ್ ಪಿಂಚಣಿದಾರರು ಯಾವ ತಿಂಗಳಲ್ಲಾದರೂ ಕೊಡಬಹುದು, ಕೊಟ್ಟ ದಿನದಿಂದ 12 ತಿಂಗಳು ಅದು ನಡೆಯುತ್ತದೆ. ತೋಟದ ಕೆಲಸದಲ್ಲಿ ಬೆರಳ ಗೆರೆ ಸವೆದು ಯಂತ್ರ ಹಿಡಿಯದವರು ಮುಖ ತೋರಿಸಿ ದೃಢೀಕರಿಸುವ ವ್ಯವಸ್ಥೆ ಬಳಸಿ.

ಮಾಡಬಾರದ್ದು: ಪಿಂಚಣಿ ನಿಂತಿತೆಂದು ಹೊಸ ಅರ್ಜಿ ಹಾಕಬೇಡಿ. ನಿಂತ ಕಾರಣವನ್ನು ಮೊದಲು ಕೇಳಿ ತಿಳಿಯಿರಿ; ಎಷ್ಟೋ ಸಲ ಆಧಾರ್ ಜೋಡಣೆ ಅಥವಾ ಬ್ಯಾಂಕ್ ಖಾತೆಯ ತೊಡಕಷ್ಟೇ ಇರುತ್ತದೆ. ಮನೆಯ ಪಿಂಚಣಿದಾರರು ತೀರಿಕೊಂಡ ಮೇಲೆ ಅವರ ಎಟಿಎಂ ಕಾರ್ಡಿನಿಂದ ಹಣ ತೆಗೆಯಬೇಡಿ. ಅದು ವಸೂಲಾಗುತ್ತದೆ.

ಎಲ್ಲಿಗೆ ಹೋಗಬೇಕು

ಸಂಧ್ಯಾ ಸುರಕ್ಷಾ, ವೃದ್ಧಾಪ್ಯ ವೇತನ, ವಿಧವಾ ವೇತನ: ಹೋಬಳಿಯ ನಾಡಕಚೇರಿ. ಕಾರ್ಮಿಕ ಕಾರ್ಡು, ಕೂಲಿ ಬಾಕಿ, ಗ್ರಾಚ್ಯುಟಿ ದೂರು: ಕಾರ್ಮಿಕ ನಿರೀಕ್ಷಕರ ಕಚೇರಿ, ಅಥವಾ ಕಾರ್ಮಿಕ ಸಹಾಯವಾಣಿ 155214. ಇ-ಶ್ರಮ್ ತೊಡಕಿಗೆ 14434. ಮಾನಧನ್ ಯೋಜನೆಗಳಿಗೆ ಸಾಮಾನ್ಯ ಸೇವಾ ಕೇಂದ್ರ. ಪಿಎಫ್‌ಗೆ ಉಮಂಗ್ ಆ್ಯಪ್, ಅದು ಬಾರದವರಿಗೆ ಪಿಎಫ್ ಕಚೇರಿ.

ಹೋಗುವಾಗ ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್ಕಿನ ಮೊದಲ ಪುಟ, ಎರಡು ಫೋಟೋ, ವಯಸ್ಸಿನ ದಾಖಲೆ, ಇವುಗಳ ಜೆರಾಕ್ಸ್ ಎರಡೆರಡು ಪ್ರತಿ ಒಯ್ಯಿರಿ. ಮೂಲ ಪ್ರತಿ ತೋರಿಸಿ, ಯಾರಿಗೂ ಬಿಟ್ಟು ಬರಬೇಡಿ. ಇಲ್ಲ, ಆಗುವುದಿಲ್ಲ ಎಂದರೆ ಕಾರಣ ಬರೆದುಕೊಡಿ ಎಂದು ಕೇಳಿ. ನಾಳೆ ಬಾ ಎಂದರೂ ಇವತ್ತಿನ ಅರ್ಜಿಗೆ ನಂಬರು, ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಸ್ವೀಕೃತಿ ಕೈಗೆ ಬರದೆ ಕಚೇರಿಯ ಮೆಟ್ಟಿಲು ಇಳಿಯಬೇಡಿ.